ದಾರಿ ತಪ್ಪಿದ ಬೆಳಕೂ ಪತಂಗದ ಕಣ್ಣೂ

ಛಾಯಾಚಿತ್ರವನ್ನು ತೆಗೆಯುವ ವಿದ್ಯೆಯು ಒಂದು ಕಾಲಕ್ಕೆ ಪಟ್ಟಣದಲ್ಲಿ ಅಂಗಡಿಯಿಟ್ಟುಕೊಂಡಿದ್ದ ಕೆಲವರ ಸೊತ್ತಾಗಿದ್ದಿತು; ಈಗ ಅದು ಮನೆಮನೆಯ ಮಾತಾಗಿದೆ. ನಾಮಕರಣ, ಉಪನಯನ, ವಿವಾಹ ಮೊದಲಾದ ಶುಭಕಾರ್ಯಗಳಿಗೆ ಪುರೋಹಿತರು ಎಷ್ಟು ಅವಶ್ಯಕರೋ ಕ್ಯಾಮರಾ ಹಿಡಿದವರೂ ಅಷ್ಟೇ ಅವಶ್ಯಕರೆನಿಸಿದ್ದಾರೆ. ಅವರಿಲ್ಲದ ಕಡೆಯಲ್ಲಿ ಜೇಬಿನೊಳಗಿನ ಮೊಬೈಲು ಫೋನೇ ಆ ಕೆಲಸವನ್ನು ನಿರ್ವಹಿಸುತ್ತದೆ. ಹೀಗೆ ತೆಗೆದ ಚಿತ್ರಗಳಲ್ಲಿ ಒಂದು ದೋಷವನ್ನು ವಾಚಕರೆಲ್ಲರೂ ಕಂಡಿರಬಹುದು. ಸೂರ್ಯನಾಗಲಿ, ಪ್ರಖರವಾದ ದೀಪವಾಗಲಿ, ಬಿಸಿಲು ಬಿದ್ದ ಕಿಟಕಿಯಾಗಲಿ ಚಿತ್ರದ ಚೌಕಟ್ಟಿನೊಳಗೋ ಅದರ ಅಂಚಿನಲ್ಲಿಯೋ ಇದ್ದರೆ, ಚಿತ್ರದ ಮೇಲೆಲ್ಲಾ ಮಂಜಿನ ತೆಳುತೆರೆಯೊಂದನ್ನು ಎಳೆದಂತಾಗಿ, ಕಪ್ಪಾಗಿರಬೇಕಾದ ಕೂದಲು ಬೂದಿಯ ಬಣ್ಣಕ್ಕೆ ತಿರುಗುವುದು. ರೇಷ್ಮೆಸೀರೆಯ ಕಳೆ ಇಳಿದುಹೋಗುವುದು. ಇದ್ದಕ್ಕಿದ್ದ ಹಾಗೆ ಬಣ್ಣದ ಬೊಟ್ಟುಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಿರುವುವು. ದೇವಸ್ಥಾನದ ಚಿತ್ರದಲ್ಲಿ ಇವು ಕಾಣಿಸಿಕೊಂಡರೆ ದೇವರ ಪ್ರಭೆಯೆಂದು ಕೈಮುಗಿಯುವವರುಂಟು. ಹಳೆಯ ಮನೆಯ ಚಿತ್ರದಲ್ಲಿ ಕಾಣಿಸಿಕೊಂಡರೆ ಪಿಶಾಚಿಯೆಂದು ಹೆದರುವವರೂ ಉಂಟು. ಅವು ಪ್ರಭೆಯೂ ಅಲ್ಲ, ಪಿಶಾಚಿಯೂ ಅಲ್ಲ. ಗಾಜಿನೊಳಗೆ ದಾರಿ ತಪ್ಪಿ ಅಲೆದ ಬೆಳಕು. ಅದು ಏಕೆ ದಾರಿ ತಪ್ಪುವುದು, ಅದನ್ನು ಸರಿದಾರಿಗೆ ತರಲು ವಿದ್ವಾಂಸರು ಏನೇನು ಮಾಡಿದರು, ಕೊನೆಗೆ ಒಂದು ಕ್ಷುದ್ರಕೀಟವು ಅವರಿಗೆ ಹೇಗೆ ಗುರುವಾಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕ್ಯಾಮರಾದ ಕಣ್ಣಾಗಿರುವ ಗಾಜಿಗೆ ನಮ್ಮ ವಿಜ್ಞಾನದ ಪಾಠಪುಸ್ತಕಗಳಲ್ಲಿ ಮಸೂರವೆಂದು ಹೆಸರು. ಸಂಸ್ಕೃತದಲ್ಲಿ ಮಸೂರವೆಂದರೆ ಒಂದು ಬಗೆಯ ಧಾನ್ಯ; ನಮ್ಮ ಅಡಿಗೆಮನೆಗಳಲ್ಲಿ ಚನ್ನಂಗಿ ಬೇಳೆಯೆಂದು ಹೇಳುವುದು ಇದನ್ನೇ. ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗಾಗಿರುವ ಆ ಕಾಳಿನ ಆಕಾರವೇ ಈ ಗಾಜಿಗೂ ಇರುವುದರಿಂದ ಹೆಸರು ಅನ್ವರ್ಥವಾಗಿದೆ. ಇಂಗ್ಲಿಷರ ಲೆನ್ಸ್ ಎಂಬ ಮಾತೂ ಲ್ಯಾಟಿನ್ ಭಾಷೆಯಲ್ಲಿ ಅದೇ ಕಾಳಿನ ಹೆಸರಾಗಿದೆಯೆಂಬುದು ಸ್ವಾರಸ್ಯವಾದ ಸಂಗತಿ. ಒಂದೇ ಮಸೂರದಿಂದ ಚಿತ್ರವು ಅಂಚಿನವರೆಗೂ ಸ್ಪಷ್ಟವಾಗಿ ಮೂಡಲಾರದು. ಬಣ್ಣಗಳು ಬೇರ್ಪಡುವುವು, ನೇರವಾದ ಗೆರೆಗಳು ಬಾಗುವುವು. ಆದುದರಿಂದ ಒಂದರ ತಪ್ಪನ್ನು ಇನ್ನೊಂದು ತಿದ್ದುವಂತೆ ನಾನಾ ಜಾತಿಯ ಗಾಜುಗಳಿಂದ ಮಾಡಿದ ಹಲವು ಮಸೂರಗಳನ್ನು ಒಂದು ಕೊಳವೆಯೊಳಗೆ ಸಾಲಾಗಿ ಜೋಡಿಸುವರು. ಹತ್ತು ಹನ್ನೆರಡು ಮಸೂರಗಳಿರುವ ಕೊಳವೆಗಳು ಈಗ ಸಾಮಾನ್ಯ. ತಪ್ಪು ತಿದ್ದುವುದಕ್ಕಾಗಿ ಸೇರಿಸಿದ ಈ ಗಾಜುಗಳೇ ಇನ್ನೊಂದು ತಪ್ಪಿಗೆ ಕಾರಣವಾಗುತ್ತವೆ.

ಗಾಜು ಪಾರದರ್ಶಕವೆಂದು ನಾವು ಹೇಳುವೆವಾದರೂ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಅದು ಒಳಕ್ಕೆ ಬಿಡುವುದಿಲ್ಲ. ರಾತ್ರಿ ದೀಪ ಹಚ್ಚಿದ ಕೋಣೆಯ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ನಮಗೆ ಕಾಣುವುದಷ್ಟೆ. ಬೆಳಕು ಒಂದು ಪದಾರ್ಥದಿಂದ ಇನ್ನೊಂದಕ್ಕೆ ಪ್ರವೇಶಿಸುವ ಎಲ್ಲೆಯಲ್ಲಿ ಅದರ ಒಂದಂಶವು ಹಿಂದಕ್ಕೆ ಮರಳುವುದು. ಎಷ್ಟಂಶವೆಂಬುದನ್ನು ಕಂಡುಹಿಡಿಯುವ ಸೂತ್ರವನ್ನು ೧೯ನೆಯ ಶತಮಾನದ ಆದಿಭಾಗದಲ್ಲಿ ಫ್ರೆನೆಲ್ ಎಂಬ ಫ್ರೆಂಚ್ ವಿದ್ವಾಂಸನು ಕೊಟ್ಟನು. ಶಾಲೆಯ ಹುಡುಗರೂ ಈ ಲೆಕ್ಕವನ್ನು ಮಾಡಬಹುದು. ಗಾಳಿಯ ವಕ್ರೀಭವನಾಂಕ ೧. ಸಾಧಾರಣವಾದ ಗಾಜಿನದು ೧.೫. ಇವೆರಡರ ವ್ಯತ್ಯಾಸವಾದ ೦.೫ನ್ನು ಇವೆರಡರ ಮೊತ್ತವಾದ ೨.೫ರಿಂದ ಭಾಗಿಸಿದರೆ ಐದರಲ್ಲೊಂದು ಬರುವುದು. ಅದರ ವರ್ಗವು ಇಪ್ಪತ್ತೈದರಲ್ಲೊಂದು. ಅಂದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ೪ ಪಾಲು ಹಿಂದಕ್ಕೆ ಹೋಯಿತು. ವಕ್ರೀಭವನಾಂಕವು ೧.೮ರಷ್ಟಿರುವ ಭಾರವಾದ ಗಾಜಿನಲ್ಲಿ ಈ ನಷ್ಟವು ನೂರಕ್ಕೆ ೮ಕ್ಕೇರುವುದು.

ನೂರಕ್ಕೆ ನಾಲ್ಕು ಹೋದರೆ ಏನಾಯಿತೆಂದು ಕೇಳಬಹುದು. ಒಂದು ಮಸೂರಕ್ಕೆ ಎರಡು ಮೈಗಳು. ಹತ್ತು ಬಿಡಿ ಮಸೂರಗಳಿಗೆ ಇಪ್ಪತ್ತು ಮೈಗಳು. ಪ್ರತಿಯೊಂದು ಮೈಯೂ ತನಗೆ ಬಂದುದರಲ್ಲಿ ನೂರಕ್ಕೆ ನಾಲ್ಕನ್ನು ಕಡಿದುಕೊಂಡು ಮುಂದಕ್ಕೆ ಕಳುಹಿಸಿದರೆ, ಇಪ್ಪತ್ತನೆಯ ಮೈಯನ್ನು ದಾಟಿ ಹೊರಬೀಳುವುದು ನೂರಕ್ಕೆ ೪೪ ಮಾತ್ರ. ಸರಕಾರದ ಸುಂಕವು ಕಟ್ಟೆಕಟ್ಟೆಗೂ ಬೀಳುತ್ತಿದ್ದ ಕಾಲದ ಸಂತೆಯ ಸರಕಿನಂತೆ, ಹೊರಟಾಗ ಗಾಡಿ ತುಂಬ ಇದ್ದುದು ಸೇರುವಾಗ ಅರ್ಧಗಾಡಿಗೂ ಕಡಿಮೆಯಾಯಿತು.

ನಷ್ಟಕ್ಕಿಂತಲೂ ದೊಡ್ಡ ಕೇಡು ಮತ್ತೊಂದುಂಟು. ಹಾಗೆ ಹಿಂದಕ್ಕೆ ಮರಳಿದ ಬೆಳಕು ಸುಮ್ಮನೆ ಹೊರಟುಹೋಗುವುದಿಲ್ಲ. ದಾರಿಯಲ್ಲಿ ಇನ್ನೊಂದು ಮೈಯನ್ನು ತಾಗಿ, ಅದರ ಒಂದಂಶವು ಮತ್ತೆ ಮುಂದಕ್ಕೆ ತಿರುಗಿ, ಹೋಗಬಾರದ ಸ್ಥಳದಲ್ಲಿ ಬೀಳುವುದು. ಇಪ್ಪತ್ತು ಮೈಗಳಲ್ಲಿ ಎರಡೆರಡನ್ನು ಜೊತೆಮಾಡಿದರೆ ೧೯೦ ಜೊತೆಗಳಾಗುತ್ತವೆ. ಆದುದರಿಂದ ಒಂದು ದೀಪಕ್ಕೆ ೧೯೦ ಮಿಥ್ಯಾಬಿಂಬಗಳು ಹುಟ್ಟಲು ಅವಕಾಶವುಂಟು. ಇವುಗಳಲ್ಲಿ ಬಹುಪಾಲು ಅಗಲವಾಗಿ ಹರಡಿಕೊಂಡು, ಒಂದರ ಮೇಲೊಂದು ಬಿದ್ದು, ನಾವು ಮಂಜೆಂದು ಕಾಣುವ ತೆರೆಯಾಗುವುವು. ಕೆಲವು ಮಾತ್ರ ಒಂದೆಡೆ ಕೂಡಿ ಬೊಟ್ಟುಗಳಾಗಿ ನಿಲ್ಲುವುವು. ಬೊಟ್ಟುಗಳು ಎಷ್ಟೋ ಸಲ ಆರು ಮೂಲೆಯವೋ ಎಂಟು ಮೂಲೆಯವೋ ಆಗಿರುವುದಕ್ಕೆ ಕಾರಣವೇನೆಂದರೆ, ಮಸೂರಗಳ ನಡುವೆ ಬೆಳಕನ್ನು ಕಿರಿದುಮಾಡುವ ಲೋಹದ ಎಸಳುಗಳ ಕಿಂಡಿಯ ಆಕಾರವೇ ಅವುಗಳಲ್ಲಿ ಅಚ್ಚೊತ್ತಿರುವುದು. ಎರಡು ಸಲ ಪ್ರತಿಫಲಿಸಿದ ಬೆಳಕು ಮೂಲದ ೬೨೫ನೆಯ ಒಂದು ಭಾಗ ಮಾತ್ರವೆಂಬುದು ನಿಜ. ಆದರೆ ಬಿಸಿಲಿನಲ್ಲಿಟ್ಟ ಬಿಳಿಯ ಕಾಗದಕ್ಕಿಂತ ಸೂರ್ಯಬಿಂಬವು ಹತ್ತಾರು ಸಾವಿರ ಪಾಲು ಪ್ರಕಾಶಮಾನವಾದುದು. ಅಂತಹುದರ ೬೨೫ನೆಯ ಒಂದು ಭಾಗವೂ ನೆರಳಿನಲ್ಲಿ ನಿಂತ ಮನುಷ್ಯನ ಮುಖವನ್ನು ಅಳಿಸಿಹಾಕಲು ಸಾಕು.

ಇದಕ್ಕೆ ಹಿಂದಿನವರು ಕಂಡುಕೊಂಡ ಮೊದಲನೆಯ ಉಪಾಯವು ಮರೆಮಾಡುವುದು. ಹಣೆಯ ಮೇಲೆ ಅಂಗೈಯನ್ನು ಅಡ್ಡಹಿಡಿದು ದೂರವನ್ನು ನೋಡುವ ರೈತನ ಉಪಾಯವೇ ಇದು. ಕೊಳವೆಯ ಮುಂದಕ್ಕೆ ಒಂದು ಟೊಪ್ಪಿಗೆಯನ್ನು ತೊಡಿಸಿದರೆ ಪಕ್ಕದಿಂದ ಬರುವ ಬೇಡದ ಬೆಳಕು ತಡೆಯಲ್ಪಡುವುದು. ಎರಡನೆಯದು ಕಪ್ಪುಮಾಡುವುದು. ಮಸೂರಗಳ ಅಂಚಿಗೂ ಕೊಳವೆಯ ಒಳಮೈಗೂ ಕಪ್ಪು ಬಣ್ಣವನ್ನು ಬಳಿಯುವರು. ಆದರೆ ನುಣ್ಣಗಿರುವ ಕಪ್ಪು ಮೈಯೂ ಓರೆಯಾಗಿ ಬಿದ್ದ ಬೆಳಕಿಗೆ ಕನ್ನಡಿಯಾಗಿ ವರ್ತಿಸುವುದು. ಕಪ್ಪು ಹಲಗೆಯು ಒಂದು ಪಕ್ಕದಿಂದ ನೋಡಿದರೆ ಬೆಳ್ಳಗೆ ಹೊಳೆದು ಅಕ್ಷರ ಕಾಣದಂತಾಗುವುದನ್ನು ಶಾಲೆಯಲ್ಲಿ ಕಲಿತವರೆಲ್ಲ ಬಲ್ಲರು. ಅದಕ್ಕೋಸ್ಕರ ಕೊಳವೆಯ ಒಳಗೆ ತಿರುಪಿನ ಸುತ್ತುಗಳಂತೆ ಸಾಲುಸಾಲಾಗಿ ಗೀರುಗಳನ್ನು ಕೊರೆದು ಅನಂತರ ಕಪ್ಪನ್ನು ಹಚ್ಚುವರು. ಗೀರಿನೊಳಗೆ ಹೊಕ್ಕ ಬೆಳಕು ಈ ಗೋಡೆಯಿಂದ ಆ ಗೋಡೆಗೆ ಬಡಿದು ಬಡಿದು ಸೊರಗುವುದು. ಒಂದು ಪೆಟ್ಟಿಗೆ ನೂರಕ್ಕೆ ಐದರಂತೆ ಮರಳುವುದಾದರೆ ಎರಡು ಪೆಟ್ಟಿಗೆ ನಾನೂರಕ್ಕೆ ಒಂದೇ ಮರಳುವುದು. ಸುಣ್ಣ ಬಳಿದ ಮನೆಯ ತೆರೆದ ಕಿಟಕಿಯು ಹಗಲಿನಲ್ಲಿ ದೂರದಿಂದ ಕಪ್ಪಾಗಿ ಕಾಣುವುದಕ್ಕೂ ಇದೇ ಕಾರಣ. ಇದೇ ತತ್ತ್ವವನ್ನು ಪರಾಕಾಷ್ಠೆಗೆ ಒಯ್ದು, ಇಂಗಾಲದ ಅತಿಸೂಕ್ಷ್ಮವಾದ ನಳಿಗೆಗಳನ್ನು ಹುಲ್ಲಿನಂತೆ ಒತ್ತಾಗಿ ನಿಲ್ಲಿಸಿ, ಬಿದ್ದ ಬೆಳಕಿನಲ್ಲಿ ನೂರಕ್ಕೆ ೯೯.೯೬ ಪಾಲನ್ನು ನುಂಗಿಬಿಡುವ ವ್ಯಾಂಟಾಬ್ಲ್ಯಾಕ್ ಎಂಬ ಲೇಪವನ್ನು ಇಂಗ್ಲೆಂಡಿನ ಸರ್ರೆ ನ್ಯಾನೋಸಿಸ್ಟಮ್ಸ್ ಎಂಬ ಸಂಸ್ಥೆಯವರು ೨೦೧೪ರಲ್ಲಿ ಪ್ರಕಟಪಡಿಸಿದರು.

ಕೊಳವೆಯನ್ನೇನೋ ಕಪ್ಪುಮಾಡಬಹುದು, ಆದರೆ ಗಾಜನ್ನು ಕಪ್ಪುಮಾಡುವಂತಿಲ್ಲವಷ್ಟೆ. ಕೇಡಿನ ಮೂಲವಿರುವುದು ಗಾಜಿನಲ್ಲಿಯೇ. ಇದಕ್ಕೆ ಪರಿಹಾರವು ದೊರೆತ ರೀತಿ ವಿಚಿತ್ರವಾದುದು. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ದೂರದರ್ಶಕಗಳನ್ನು ಮಾಡುತ್ತಿದ್ದ ಕುಕ್ ಸಂಸ್ಥೆಯಲ್ಲಿ ಹೆರಾಲ್ಡ್ ಡೆನಿಸ್ ಟೇಲರ್ ಎಂಬ ನಿಪುಣನಿದ್ದನು. ಹಲವು ವರ್ಷ ಗಾಳಿಗೆ ಒಡ್ಡಿದ್ದ ಹಳೆಯ ಮಸೂರಗಳ ಮೇಲೆ ಕಿಲುಬಿನಂತೆ ಒಂದು ಬಣ್ಣಬಣ್ಣದ ಪೊರೆ ಕಟ್ಟುವುದುಂಟು. ಕೊಂಡವರು ಇದನ್ನು ಕಂಡು ಗಾಜು ಕೆಟ್ಟಿತೆಂದು ಮರುಗುವುದು ಸಹಜವೇ. ೧೮೯೨ರಲ್ಲಿ ಟೇಲರನು ಅಂತಹ ಮಸೂರಗಳನ್ನು ಪರೀಕ್ಷಿಸಿ, ಕೆಟ್ಟವೆನಿಸಿಕೊಂಡ ಅವು ಹೊಸವುಗಳಿಗಿಂತ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುವುವೆಂದು ತೋರಿಸಿದನು. ಜರ್ಮನಿಯ ಫ್ರೌನ್‌ಹೋಫರನು ೧೮೧೭ರಷ್ಟು ಹಿಂದೆಯೇ ಆಮ್ಲದಿಂದ ತಿನ್ನಿಸಿದ ಗಾಜಿನಲ್ಲಿ ಇಂತಹುದೇ ಗುಣವನ್ನು ಗಮನಿಸಿದ್ದನು. ಮುದಿತನವೇ ಮೇಲಾಯಿತು! ಟೇಲರನು ಈ ಕಿಲುಬನ್ನು ರಾಸಾಯನಿಕ ದ್ರವಗಳಿಂದ ಬೇಕೆಂದೇ ಹಿಡಿಸುವ ಕ್ರಮಕ್ಕೆ ೧೯೦೪ರಲ್ಲಿ ಹಕ್ಕುಪತ್ರವನ್ನು ಪಡೆದನು. ಆದರೆ ಗಾಜಿನ ಜಾತಿಗೊಂದು ರೀತಿಯಾಗಿ ಫಲವು ಬದಲಾಗುತ್ತಿದ್ದುದರಿಂದ ಅದು ನೆಲೆಗೊಳ್ಳಲಿಲ್ಲ.

೧೯೩೫ರಲ್ಲಿ ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಝೈಸ್ ಕಾರ್ಖಾನೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲನು ಗಾಳಿಯನ್ನು ತೆಗೆದ ಪಾತ್ರೆಯೊಳಗೆ ಲವಣವನ್ನು ಕಾಸಿ ಆವಿಮಾಡಿ, ಆ ಆವಿಯನ್ನು ಮಸೂರದ ಮೇಲೆ ಪೊರೆಯಾಗಿ ಕೂಡಿಸುವ ಕ್ರಮವನ್ನು ಕಂಡುಹಿಡಿದನು. ಸೈನ್ಯದ ದುರ್ಬೀನುಗಳಿಗೆ ಇದು ಬಹಳ ಉಪಯುಕ್ತವಾದುದರಿಂದ ಅಲ್ಲಿನ ಸರಕಾರವು ಇದನ್ನು ಗುಟ್ಟಾಗಿರಿಸಿತು. ೧೯೩೮ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕ್ಯಾಥರೀನ್ ಬ್ಲಾಜೆಟ್ ಎಂಬ ವಿದುಷಿಯು ಸಾಬೂನಿನ ಜಾತಿಯ ಒಂದು ಪದಾರ್ಥವನ್ನು, ಒಂದೊಂದೂ ಒಂದೇ ಅಣುವಿನಷ್ಟು ದಪ್ಪವಾಗಿರುವ ೪೪ ಪದರಗಳಾಗಿ ಗಾಜಿನ ಮೇಲೆ ಹಚ್ಚಿ, ಹೊಳಪೇ ಇಲ್ಲದ ಗಾಜನ್ನು ಮಾಡಿದಳು. ಆ ಪದರವು ಬೆರಳಿನಿಂದ ಒರೆಸಿದರೆ ಅಳಿದುಹೋಗುತ್ತಿದ್ದಿತೆಂಬುದೊಂದೇ ಕೊರತೆ.

ಇಂತಹ ಪೊರೆಯು ಕೆಲಸಮಾಡುವ ಬಗೆಯನ್ನು ಸ್ವಲ್ಪ ಹೇಳಬೇಕು. ಬೆಳಕು ತರಂಗರೂಪವಾದುದು. ಪೊರೆಗೆ ಎರಡು ಮೈಗಳಿರುವುದರಿಂದ ಪ್ರತಿಫಲನವೂ ಎರಡಾಗುವುದು. ಪೊರೆಯ ದಪ್ಪವು ತರಂಗದೂರದ ಕಾಲುಭಾಗದಷ್ಟಿದ್ದರೆ, ಒಂದು ಪ್ರತಿಫಲನದ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದು ಎರಡೂ ಪರಸ್ಪರ ಶಮನವಾಗುವುವು. ಜಗಳವಾಡುವ ಇಬ್ಬರೂ ಒಟ್ಟಿಗೆ ಸುಮ್ಮನಾದಂತೆ. ಬಹುಕಾಲದಿಂದ ಬಳಕೆಯಲ್ಲಿರುವ ಮೆಗ್ನೀಸಿಯಂ ಫ್ಲೋರೈಡಿನ ಪೊರೆಯು ಸುಮಾರು ೧೦೦ ನ್ಯಾನೋಮೀಟರು ದಪ್ಪವಾಗಿರುವುದು. ಒಂದು ಮಿಲ್ಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ನ್ಯಾನೋಮೀಟರು. ಇದರಿಂದ ನೂರಕ್ಕೆ ೪ರಷ್ಟಿದ್ದ ಪ್ರತಿಫಲನವು ಒಂದೂವರೆಗಿಂತ ಕೆಳಕ್ಕಿಳಿಯಿತು. ಆದರೆ ಒಂದು ದಪ್ಪವು ಒಂದು ಬಣ್ಣಕ್ಕೆ ಮಾತ್ರ ಸರಿಹೊಂದುವುದು. ಹಸುರಿಗೆ ಹೊಂದಿಸಿದರೆ ಕೆಂಪೂ ನೇರಳೆಯೂ ತಪ್ಪಿಸಿಕೊಳ್ಳುವುವು. ಲೇಪವಿರುವ ಕನ್ನಡಕವನ್ನು ಓರೆಮಾಡಿ ಹಿಡಿದರೆ ಬಣ್ಣದ ಛಾಯೆ ಕಾಣುವುದು ಇದರಿಂದಲೇ. ಬೇರೆಬೇರೆ ಪದಾರ್ಥಗಳ ಹಲವು ಪದರಗಳನ್ನು ಹಾಕಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದರು. ಆದರೂ ಬೆಳಕು ಬಹಳ ಓರೆಯಾಗಿ ಬಿದ್ದಾಗ ಪೊರೆಯೊಳಗೆ ಅದು ನಡೆಯುವ ದಾರಿಯೇ ಬದಲಾಗುವುದರಿಂದ ಲೆಕ್ಕವು ತಪ್ಪುವುದು. ಅಗಲವಾದ ನೋಟಕ್ಕಾಗಿ ಮಾಡುವ, ಬಹಳ ಉಬ್ಬಿದ ಮಸೂರಗಳ ಅಂಚಿನಲ್ಲಿ ಇದೇ ದೊಡ್ಡ ಕಂಟಕವಾಗಿ ನಿಂತಿತು.

ಇದನ್ನು ಬುಡದಿಂದಲೇ ಕೀಳುವ ಮಾರ್ಗವನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲಿಯು ೧೯ನೆಯ ಶತಮಾನದ ಕೊನೆಯಲ್ಲಿಯೇ ಗಣಿತದಿಂದ ತೋರಿಸಿದ್ದನು. ಪ್ರತಿಫಲನಕ್ಕೆ ಕಾರಣವು ಗಾಳಿಯಿಂದ ಗಾಜಿಗೆ ಒಮ್ಮೆಲೇ ಆಗುವ ಬದಲಾವಣೆ. ಆ ಬದಲಾವಣೆಯು ಮೆಲ್ಲಮೆಲ್ಲನೆ ಆದರೆ ಪ್ರತಿಫಲನವೂ ಇಲ್ಲವಾಗುವುದು. ನಮ್ಮ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಇದಕ್ಕೆ ದೃಷ್ಟಾಂತವುಂಟು. ಸಮುದ್ರದ ಅಲೆಯು ಕಡಿದಾದ ಬಂಡೆಗೆ ಬಡಿದರೆ ಹಿಂದಕ್ಕೆ ಎಸೆಯಲ್ಪಡುವುದು. ಇಳಿಜಾರಾದ ಮರಳಿನ ಮೇಲೆ ಬಂದ ಅಲೆಯಾದರೋ ಏರುತ್ತ ಏರುತ್ತ ಅಲ್ಲಿಯೇ ಲಯವಾಗುವುದು, ಮರಳಿಹೋಗುವುದು ಅತ್ಯಲ್ಪ. ಇನ್ನೂ ಲೆಕ್ಕವೇ ಬೇಕೆನ್ನುವವರಿಗೆ: ೧ರಿಂದ ೧.೫ಕ್ಕೆ ಏರುವ ಮೆಟ್ಟಲನ್ನು ಸಮನಾದ ಎರಡು ಮೆಟ್ಟಲುಗಳಾಗಿ ಒಡೆದರೆ, ಸೂತ್ರದಲ್ಲಿ ವರ್ಗವಿರುವುದರಿಂದ, ಒಂದೊಂದರಲ್ಲಿಯೂ ಪ್ರತಿಫಲನವು ಅರ್ಧವಾಗದೆ ಸುಮಾರು ಕಾಲಾಗುವುದು. ಎರಡೂ ಸೇರಿ ಮೊದಲಿನ ಅರ್ಧ. ಐದಾಗಿ ಒಡೆದರೆ ಐದನೆಯ ಒಂದು ಭಾಗ. ಮೆಟ್ಟಲುಗಳು ಹೆಚ್ಚಿ ಇಳಿಜಾರೇ ಆಗಿಬಿಟ್ಟರೆ ಪ್ರತಿಫಲನವು ಶೂನ್ಯದ ಸಮೀಪಕ್ಕೆ ಬರುವುದು. ಒಂದೇ ನಿಬಂಧನೆಯೆಂದರೆ ಇಳಿಜಾರು ತರಂಗದೂರದ ಅರ್ಧದಷ್ಟಾದರೂ ಉದ್ದವಿರಬೇಕು. ಅದಕ್ಕಿಂತ ತೀರ ಗಿಡ್ಡವಾದರೆ ಬೆಳಕಿಗೆ ಅದು ಮೆಟ್ಟಲೇ ಸರಿ. ಆದರೆ ಗಾಳಿಗೂ ಗಾಜಿಗೂ ನಡುವಣ ಎಲ್ಲ ದರ್ಜೆಗಳ ಪದಾರ್ಥಗಳನ್ನು ಎಲ್ಲಿಂದ ತರುವುದು? ೧.೨ರ ವಕ್ರೀಭವನಾಂಕವಿರುವ ಗಟ್ಟಿಯಾದ ಪದಾರ್ಥವೇ ನಮ್ಮ ಕೈಗೆ ದೊರೆಯದು. ತತ್ತ್ವವು ಪುಸ್ತಕದಲ್ಲಿಯೇ ಉಳಿಯಿತು.

ಇಲ್ಲಿ ಪತಂಗವು ಪ್ರವೇಶಿಸುವುದು. ಸಂಸ್ಕೃತ ಕೋಶಗಳಲ್ಲಿ ಪತಂಗ ಶಬ್ದಕ್ಕೆ ಸೂರ್ಯನೆಂದೂ, ಹಕ್ಕಿಯೆಂದೂ, ದೀಪಕ್ಕೆ ಬೀಳುವ ಹುಳುವೆಂದೂ ಅರ್ಥಗಳಿವೆ. ಈ ಹುಳುವನ್ನು ನಮ್ಮ ಕವಿಗಳು ಮೋಹಾಂಧತೆಗೆ ಉದಾಹರಣೆಯಾಗಿಯೇ ಕಂಡರು. ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಎಣಿಸುವ ಇಪ್ಪತ್ತನಾಲ್ಕು ಗುರುಗಳಲ್ಲಿ ಪತಂಗವೂ ಒಂದು. ರೂಪಕ್ಕೆ ಮರುಳಾದರೆ ಏನಾಗುವುದೆಂಬುದನ್ನು ಅದು ತನ್ನ ನಾಶದಿಂದ ಕಲಿಸಿತು. ಈ ಯುಗದಲ್ಲಿ ಅದು ಎರಡನೆಯ ಸಲ ಗುರುವಾಯಿತು. ಈ ಬಾರಿ ತನ್ನ ನಾಶದಿಂದಲ್ಲ, ತನ್ನ ಕಣ್ಣಿನಿಂದ.

ಸ್ವೀಡನ್ ದೇಶದ ಬರ್ನ್‌ಹಾರ್ಡ್ ಎಂಬ ಶರೀರಶಾಸ್ತ್ರಜ್ಞನೂ ಅವನ ಜೊತೆಗಾರನಾದ ಮಿಲ್ಲರನೂ ೧೯೬೨ರಲ್ಲಿ ಪತಂಗದ ಕಣ್ಣನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಫಲವನ್ನು ಪ್ರಕಟಿಸಿದರು. ಕೀಟಗಳ ಕಣ್ಣು ಸಾವಿರಾರು ಸಣ್ಣ ಕಣ್ಣುಗಳ ಸಮೂಹವೆಂಬುದು ಮೊದಲೇ ತಿಳಿದಿದ್ದಿತು. ಆ ಒಂದೊಂದು ಸಣ್ಣ ಕಣ್ಣಿನ ಮೈಯೂ ನುಣ್ಣಗಿರದೆ, ಅದರ ಮೇಲೆ ಮೊಲೆತೊಟ್ಟಿನ ಆಕಾರದ ಮೊನೆಗಳು ಜೇನುಹಟ್ಟಿನ ಕೋಣೆಗಳಂತೆ ಕ್ರಮವಾಗಿ ಕಿಕ್ಕಿರಿದು ನಿಂತಿರುವುದನ್ನು ಅವರು ಕಂಡರು. ಒಂದೊಂದರ ಎತ್ತರವೂ, ಒಂದರಿಂದ ಇನ್ನೊಂದಕ್ಕಿರುವ ದೂರವೂ ಸುಮಾರು ೨೦೦ ನ್ಯಾನೋಮೀಟರು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವಾದರೋ ಸುಮಾರು ೪೦೦ರಿಂದ ೭೦೦ರವರೆಗೆ. ಮೊನೆಗಳ ತುದಿಯಲ್ಲಿ ಬಹುಪಾಲು ಗಾಳಿ, ಕಣ್ಣಿನ ಪದಾರ್ಥವು ಅತ್ಯಲ್ಪ. ಕೆಳಗಿಳಿದಂತೆಲ್ಲ ಗಾಳಿ ಕಡಿಮೆಯಾಗಿ ಪದಾರ್ಥವು ಹೆಚ್ಚುವುದು. ಬುಡದಲ್ಲಿ ಎಲ್ಲವೂ ಪದಾರ್ಥವೇ. ಎಲ್ಲಿಯೂ ದೊರೆಯದಿದ್ದ ನಡುದರ್ಜೆಗಳನ್ನು ಪ್ರಕೃತಿಯು ಗಾಳಿಯನ್ನೇ ಬೆರಸಿ ತಯಾರಿಸಿಕೊಂಡಿದ್ದಿತು. ರ‍್ಯಾಲಿಯು ಕಾಗದದ ಮೇಲೆ ಬರೆದಿಟ್ಟ ಇಳಿಜಾರು ಇದೇ. ಇರುಳಿನಲ್ಲಿ ಹಾರುವ ಜೀವಿಗೆ ಇದರಿಂದ ಇರುವಷ್ಟು ಬೆಳಕೆಲ್ಲ ಒಳಕ್ಕೆ ಬರುವುದು. ಹಗಲಿನಲ್ಲಿ ಮರದ ತೊಗಟೆಗೆ ಅಂಟಿ ಕುಳಿತಾಗ ಕಣ್ಣು ಮಿರುಗಿ ಹಕ್ಕಿಗೆ ಗುರುತುಕೊಡುವ ಅಪಾಯವೂ ತಪ್ಪುವುದು.

ಇಲ್ಲಿ ಬುದ್ಧಿವಂತರಾದ ವಾಚಕರು ಒಂದು ಆಕ್ಷೇಪವನ್ನು ತರಬಹುದು. ಮರಳಿನಿಂದ ಉಜ್ಜಿ ತರಿತರಿಯಾದ ಗಾಜು ಬೆಳಕನ್ನು ಚೆದರಿಸುವುದಲ್ಲವೆ? ಸ್ನಾನದ ಮನೆಯ ಕಿಟಕಿಗೆ ಅಂತಹ ಗಾಜನ್ನು ಹಾಕುವುದೇ ಅದಕ್ಕಾಗಿ. ತರಿಯಾದ ಮೈಯಿಂದ ಸ್ಪಷ್ಟತೆ ಹೇಗೆ ಬಂದೀತು? ಆಕ್ಷೇಪವು ಯುಕ್ತವಾದುದೇ. ಉತ್ತರವಿರುವುದು ಅಳತೆಯಲ್ಲಿ. ಗಾಡಿಯ ಚಕ್ರಕ್ಕೆ ದಾರಿಯ ಕಲ್ಲುಗಳು ಒಂದೊಂದಾಗಿ ತಿಳಿಯುವುವು. ನುಣ್ಣನೆಯ ಮರಳಿನ ಕಣಗಳು ಬಿಡಿಬಿಡಿಯಾಗಿ ತಿಳಿಯವು, ಒಟ್ಟಾಗಿ ಮೆತ್ತಗೆಂದು ಮಾತ್ರ ತಿಳಿಯುವುದು. ಹಾಗೆಯೇ ತನ್ನ ತರಂಗದೂರಕ್ಕಿಂತ ಒತ್ತಾಗಿ ಒಂದೇ ಕ್ರಮದಲ್ಲಿ ನಿಂತಿರುವ ಮೊನೆಗಳನ್ನು ಬೆಳಕು ಬಿಡಿಯಾಗಿ ಕಾಣಲಾರದು. ಅವುಗಳ ಸರಾಸರಿಯನ್ನು ಮಾತ್ರ ಅರಿಯುವುದು. ಉಜ್ಜಿದ ಗಾಜಿನ ತರಿಗಳು ತರಂಗದೂರಕ್ಕಿಂತ ಎಷ್ಟೋ ದೊಡ್ಡವು, ಕ್ರಮವಿಲ್ಲದವು. ಅವು ಬೆಳಕಿಗೆ ಕಲ್ಲುಗಳು.

ತತ್ತ್ವವು ತಿಳಿದ ಮೇಲೆ ಅನುಕರಣವು ಆರಂಭವಾಯಿತು. ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಶಾಲೆಯ ಕ್ಲ್ಯಾಪಮ್ ಮತ್ತು ಹಟ್ಲಿ ಎಂಬಿಬ್ಬರು ಲೇಸರ್ ಕಿರಣಗಳನ್ನು ಒಂದರೊಡನೊಂದು ಹಾಯಿಸಿ, ಬೆಳಕಿಗೆ ಕರಗುವ ಅಂಟಿನ ಮೇಲೆ ಅಂತಹುದೇ ಮೊನೆಗಳನ್ನು ಕೊರೆದು, ಪತಂಗದ ಕಣ್ಣಿನ ತತ್ತ್ವದಿಂದ ಮಸೂರದ ಪ್ರತಿಫಲನವನ್ನು ಕಡಿಮೆಮಾಡಬಹುದೆಂದು ೧೯೭೩ರಲ್ಲಿ ಪ್ರಕಟಿಸಿದರು. ಆದರೆ ಪ್ರಯೋಗಶಾಲೆಯ ತುಣುಕಿನಿಂದ ಅಂಗಡಿಯ ಮಸೂರಕ್ಕೆ ಬರಲು ಇನ್ನೂ ಮೂವತ್ತೈದು ವರ್ಷಗಳು ಹಿಡಿದವು. ಚಪ್ಪಟೆಯಾದ ಗಾಜಿನ ಮೇಲೆ ಕೊರೆಯುವುದು ಒಂದು ಮಾತು. ಬಟ್ಟಲಿನಂತೆ ಬಾಗಿದ ದೊಡ್ಡ ಮಸೂರದ ಮೈಯ ಮೇಲೆ, ನಡುವಿನಿಂದ ಅಂಚಿನವರೆಗೆ ಎಲ್ಲಿಯೂ ಹೆಚ್ಚುಕಡಿಮೆಯಾಗದಂತೆ, ಸಾವಿರಾರು ಮಸೂರಗಳಿಗೆ ಮಾಡುವುದು ಬೇರೊಂದು ಮಾತು. ಜಪಾನಿನ ನಿಕಾನ್ ಸಂಸ್ಥೆಯವರು ಮೊದಲು ಅತಿಸೂಕ್ಷ್ಮ ಕಣಗಳನ್ನು ನಡುನಡುವೆ ಗಾಳಿಯಿರುವಂತೆ ಕೂಡಿಸಿದ ಲೇಪವೊಂದನ್ನು ಬಳಕೆಗೆ ತಂದರು. ಅದೇ ದೇಶದ ಕ್ಯಾನನ್ ಸಂಸ್ಥೆಯವರು ಅಲ್ಯೂಮಿನಿಯಂ ಆಕ್ಸೈಡಿನಿಂದ ಸುಮಾರು ೨೨೦ ನ್ಯಾನೋಮೀಟರು ಎತ್ತರದ ಬೆಣೆಯಾಕಾರದ ಮೊನೆಗಳನ್ನು ಮಸೂರದ ಮೇಲೆಯೇ ಬೆಳೆಸುವ ಕ್ರಮವನ್ನು ಸಾಧಿಸಿ, ೨೦೦೮ರಲ್ಲಿ ೨೪ ಮಿಲ್ಲಿಮೀಟರಿನ ಅಗಲನೋಟದ ಮಸೂರವೊಂದರಲ್ಲಿ ಅದನ್ನು ಮೊದಲು ಅಳವಡಿಸಿದರು. ಪದರಗಳ ಲೇಪಕ್ಕೆ ಕಂಟಕವಾಗಿದ್ದ ಓರೆಬೆಳಕನ್ನು ಈ ಮೊನೆಗಳು ಬಹುಮಟ್ಟಿಗೆ ಪಳಗಿಸಿದವು.

ಆದರೆ ಈ ಉಪಾಯಕ್ಕೂ ಒಂದು ದೌರ್ಬಲ್ಯವುಂಟು. ಇಷ್ಟು ಸೂಕ್ಷ್ಮವಾದ ಮೊನೆಗಳನ್ನು ಬೆರಳು ಮುಟ್ಟಿದರೆ ಬೆರಳಿನ ಜಿಡ್ಡು ಅವುಗಳ ಸಂದುಗಳಲ್ಲಿ ಗಾಳಿಯಿರಬೇಕಾದೆಡೆ ತುಂಬಿಕೊಳ್ಳುವುದು. ಬಟ್ಟೆಯಿಂದ ಒರೆಸಿದರೆ ಮೊನೆಗಳೇ ಮುರಿಯುವುವು. ಬ್ಲಾಜೆಟ್ಟಳ ಸಾಬೂನಿನ ಪೊರೆಯ ಸಂಕಟವೇ ಇದು. ಆದುದರಿಂದ ಇವನ್ನು ಹೊರಗಣ ಮೈಗೆ ಹಚ್ಚದೆ, ಕೊಳವೆಯೊಳಗೆ ಕೈಗೆಟುಕದ ಮಸೂರಗಳ ಮೈಗೆ ಮಾತ್ರ ಹಚ್ಚುವರು. ಪತಂಗಕ್ಕಾದರೋ ತನ್ನ ಅಲ್ಪಾಯುಷ್ಯಕ್ಕೆ ಸಾಕಾಗುವಷ್ಟು ಕಣ್ಣಿದ್ದರೆ ತೀರಿತು. ನಾವು ನಮ್ಮ ಸಾಮಾನುಗಳನ್ನು ಮಕ್ಕಳ ಕಾಲದವರೆಗೂ ಇರಿಸಿಕೊಳ್ಳಬೇಕೆನ್ನುತ್ತೇವೆ.

ಎಲ್ಲೆಡೆಗೂ ತರಿಯೇ ಮದ್ದೆಂದು ಭಾವಿಸಬಾರದು. ಸೂರ್ಯನ ಸುತ್ತಲಿರುವ ಕಿರೀಟದಂತಹ ಪ್ರಭಾವಲಯವು ಸೂರ್ಯಬಿಂಬದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ ಪ್ರಕಾಶವುಳ್ಳದ್ದು. ಪೂರ್ಣಗ್ರಹಣದಲ್ಲಿ ಹೊರತು ಅದು ಕಣ್ಣಿಗೆ ಕಾಣದು. ಫ್ರಾನ್ಸಿನ ಬರ್ನಾರ್ ಲಿಯೋ ೧೯೩೦ರಲ್ಲಿ, ದಾರಿತಪ್ಪಿದ ಬೆಳಕನ್ನು ಒಂದೊಂದಾಗಿ ತಡೆದು, ಪೈರೆನೀಸ್ ಪರ್ವತದ ಶಿಖರವೊಂದರಿಂದ ಗ್ರಹಣವಿಲ್ಲದೆಯೇ ಅದನ್ನು ಕಂಡನು. ಅದೇ ಕೆಲಸಕ್ಕಾಗಿ ನಮ್ಮ ದೇಶದವರು ೨೦೨೩ನೆಯ ಸೆಪ್ಟೆಂಬರ್ ೨ರಂದು ಹಾರಿಸಿದ ಆದಿತ್ಯ ಎಲ್-೧ ನೌಕೆಯ ಮುಖ್ಯ ಉಪಕರಣವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರಿಂದ ಹೊಸಕೋಟೆಯ ಆವರಣದಲ್ಲಿ ಸಿದ್ಧವಾದುದು. ೨೦೨೪ನೆಯ ಜನವರಿ ೬ರಂದು ಆ ನೌಕೆಯು ಭೂಮಿಯಿಂದ ಸುಮಾರು ೧೫ ಲಕ್ಷ ಕಿಲೋಮೀಟರು ದೂರದಲ್ಲಿ ತನ್ನ ನೆಲೆಯನ್ನು ಸೇರಿತು. ಅದರ ಪ್ರಧಾನ ದರ್ಪಣವನ್ನು ಮೊನೆಗಳಿಂದ ತುಂಬಲಿಲ್ಲ. ಅಸಾಧಾರಣವಾದ ನುಣುಪು ಬರುವಂತೆ ತಿಕ್ಕಿದರು. ದರ್ಪಣದ ಧರ್ಮ ಪ್ರತಿಫಲಿಸುವುದು. ಅಲ್ಲಿ ಕ್ರಮವಿಲ್ಲದ ಅಲ್ಪ ಒರಟೂ ಬೆಳಕನ್ನು ಚೆದರಿಸಿ ಪ್ರಭಾವಲಯವನ್ನು ಮುಚ್ಚಿಬಿಡುವುದು. ಮಸೂರದ ಧರ್ಮ ಒಳಕ್ಕೆ ಬಿಡುವುದು. ಅಲ್ಲಿ ಕ್ರಮವುಳ್ಳ ಒರಟು ನೆರವಾಗುವುದು. ನುಣುಪು ಗುಣವೂ ಅಲ್ಲ, ಒರಟು ದೋಷವೂ ಅಲ್ಲ. ಯಾವ ಕೆಲಸಕ್ಕೆ ಎಂಬುದೇ ನಿರ್ಣಾಯಕ.

ಇದರಿಂದ ಗೃಹಸ್ಥರಾದ ನಮಗೆ ಏನು ಪ್ರಯೋಜನ? ಬೆಲೆಬಾಳುವ ಮಸೂರವನ್ನು ಎಲ್ಲರೂ ಕೊಳ್ಳಬೇಕಾಗಿಲ್ಲ. ತಿಳಿವಿನಿಂದಲೇ ಅರ್ಧ ಕೆಲಸವಾಗುವುದು. ಚಿತ್ರ ತೆಗೆಯುವಾಗ ದೀಪವಾಗಲಿ ಕಿಟಕಿಯಾಗಲಿ ಮುಖಗಳ ಹಿಂದಿರದೆ ಪಕ್ಕಕ್ಕಿರುವಂತೆ ಜನರನ್ನು ನಿಲ್ಲಿಸಿರಿ; ಆ ಸೌಕರ್ಯವಿಲ್ಲದಿದ್ದರೆ ಮಸೂರದ ಮೇಲೆ ಬಿಸಿಲು ನೇರವಾಗಿ ಬೀಳದಂತೆ ಮತ್ತೊಬ್ಬರು ಅಂಗೈಯನ್ನು ಅಡ್ಡ ಹಿಡಿಯಲಿ. ಮೊಬೈಲು ಫೋನಿನ ಕಣ್ಣಿಗೆ ದಿನವೂ ಬೆರಳಿನ ಜಿಡ್ಡು ತಾಗುತ್ತಿರುವುದು. ದೀಪಗಳ ಸುತ್ತ ಎದ್ದು ಕಾಣುವ ಬೆಳಕಿನ ಗೀರುಗಳಿಗೆ ಎಷ್ಟೋ ಸಲ ಈ ಜಿಡ್ಡೇ ಕಾರಣ. ಅದನ್ನು ಸೀರೆಯ ಸೆರಗಿನಿಂದಲೋ ಪಂಚೆಯ ಚುಂಗಿನಿಂದಲೋ ಉಜ್ಜದೆ, ಮೊದಲು ಧೂಳನ್ನು ಊದಿ, ಅನಂತರ ಕನ್ನಡಕಕ್ಕೆಂದು ಕೊಡುವ ಮೆದುವಾದ ಬಟ್ಟೆಯಿಂದ ಒರೆಸಿರಿ. ಮಲೆನಾಡಿನವರೂ ಕರಾವಳಿಯವರೂ ಮಳೆಗಾಲದಲ್ಲಿ ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟು ಮರೆಯಬಾರದು. ತೇವದಲ್ಲಿ ಮಸೂರದ ಮೇಲೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿ, ಕೊನೆಗೆ ಲೇಪವನ್ನೂ ಗಾಜನ್ನೂ ತಿಂದುಬಿಡುವುದು. ಟೇಲರನು ಕಂಡ ಕಿಲುಬು ಬೇರೆ, ಈ ಬೂಷ್ಟು ಬೇರೆ; ಇದರಿಂದ ಕೇಡಲ್ಲದೆ ಒಳಿತಿಲ್ಲ.

ಕೆಟ್ಟ ಚಿತ್ರವನ್ನು ಗಣಕಯಂತ್ರದಿಂದ ತಿದ್ದಿಕೊಳ್ಳಬಹುದಲ್ಲ ಎಂದು ಹುಡುಗರು ಹೇಳುವರು. ತಿದ್ದಬಹುದು. ಆದರೆ ಮಂಜಿನಡಿಯಲ್ಲಿ ಪೂರ್ತಿಯಾಗಿ ಮುಚ್ಚಿಹೋದ ವಿವರವನ್ನು ಯಂತ್ರವು ಊಹಿಸಿ ತುಂಬಬೇಕೇ ಹೊರತು ಮರಳಿ ತರಲಾರದು. ತೀರಿಹೋದ ಅಜ್ಜಿಯದು ಮನೆಯಲ್ಲಿ ಉಳಿದಿರುವುದು ಒಂದೇ ಚಿತ್ರವಾಗಿ, ಅದರಲ್ಲಿ ಮುಖವೇ ತೆರೆಯ ಹಿಂದೆ ಅಡಗಿದ್ದರೆ, ಯಂತ್ರವು ಬರೆದುಕೊಡುವ ಮುಖವು ಚೆಲುವಾಗಿಯೇ ಇರಬಹುದು. ಅದು ಅಜ್ಜಿಯ ಮುಖವಾಗಿರುವುದೆಂಬ ಭರವಸೆ ಇಲ್ಲ. ನಾಲ್ಕು ಪಾಲು ಬೆಳಕಿಗಾಗಿ ವಿದ್ವಾಂಸರು ಎರಡು ಶತಮಾನ ಹೋರಾಡಿದುದು ವ್ಯರ್ಥವಲ್ಲವೆಂಬುದಕ್ಕೆ ಇದೊಂದೇ ಸಾಕು.

ಕಡೆಯ ಮಾತೊಂದು. ನಮ್ಮ ಕಣ್ಣಿನೊಳಗೂ ಒಂದು ಮಸೂರವಿದೆ. ವಯಸ್ಸಾದಂತೆ ಅದು ಮಸುಕಾಗಿ, ಒಳಗೆ ಬೆಳಕು ಚೆದರುವುದು ಹೆಚ್ಚುವುದು. ಪೊರೆ ಬೆಳೆದರೆ ಇನ್ನೂ ಹೆಚ್ಚು. ಹಗಲಿನಲ್ಲಿ ಪುಸ್ತಕದ ಅಕ್ಷರವು ಚೆನ್ನಾಗಿಯೇ ಕಾಣುತ್ತಿರುವ ಹಿರಿಯರಿಗೆ, ಇರುಳಿನಲ್ಲಿ ಎದುರಿನ ವಾಹನದ ದೀಪ ಬಿದ್ದೊಡನೆ ರಸ್ತೆಯೇ ಕಾಣದಂತಾಗುವುದು ಇದರಿಂದಲೇ. ಇದಕ್ಕೆ ಕನ್ನಡಕದ ಲೇಪವು ಪರಿಹಾರವಲ್ಲ. ಸಂಜೆಯ ಮೇಲೆ ವಾಹನ ನಡೆಸಲು ತಂದೆಯವರು ಹಿಂಜರಿದರೆ, ಅದನ್ನು ಅಂಜಿಕೆಯೆಂದು ನಗೆಯಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಕ್ಯಾಮರಾದ ಮಸೂರವು ಕೆಟ್ಟರೆ ಒಂದು ಚಿತ್ರವು ಕೆಡುವುದು. ಈ ಮಸೂರದ ವಿಷಯದಲ್ಲಿ ಉದಾಸೀನರಾದರೆ ಪ್ರಾಣಕ್ಕೇ ಅಪಾಯ ಒದಗೀತು.